ಕ್ಯೂ ನಿಂತ ಬಾಟ್ಲಿ

ಹೋದ ವಾರ ಸೋಮವಾರ ಬೆಳಿಗ್ಗೆ ಆರೂವರೆಗೆ ನನ್ನ ಬಾಟ್ಲಿ ಡಾಕ್ಟರ ಬಳಿ ಹೋಯಿತು. ನಾನು ಆಫೀಸಿಗೆ ಹೋದೆ.

ಡೊಂಬಿವಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮ ಗಲ್ಲಿಯ ದವಾಖಾನೆಯಲ್ಲಿ ಮಿಕ್ಸ್‌ಚರ್ ಬೇಕಾದವರು ಮನೆಯಿಂದಲೇ ಖಾಲಿ ಬಾಟ್ಲಿ ತರಬೇಕು. ಬೆಳಿಗ್ಗೆ ಕಂಪೌಂಡರ್ ಮಾಮಾ (ನನ್ನ ಸಂಬಂಧಿಕನಲ್ಲ, ಗಲ್ಲಿಗೆಲ್ಲ ಅವನು ಮಾಮಾ) ಶಟರ್ ಅರ್ಧ ಎತ್ತಿ ಕಸ ಗುಡಿಸುತ್ತಾನೆ. ಸ್ಟೇಷನ್ನಿಗೆ ಓಡುವ ನಾವು ಅದರಡಿ ಬಗ್ಗಿ, ಬಾಗಿಲ ಪಕ್ಕದ ಹಲಗೆಯ ಮೇಲೆ ಬಾಟ್ಲಿಗಳನ್ನು ಸಾಲಾಗಿ ಇಟ್ಟು ಹೋಗುತ್ತೇವೆ. ಡಾಕ್ಟರು ಸಂಜೆ ಆರಕ್ಕೆ ಕೂರುತ್ತಾರೆ, ಎಂಟಕ್ಕೆ ಏಳುತ್ತಾರೆ. ಬಾಟ್ಲಿ ಇರುವ ಕ್ರಮದಲ್ಲೇ ಮಾಮಾ ಒಬ್ಬೊಬ್ಬರನ್ನೇ ಕರೆಯುತ್ತಾನೆ.

ಅಂದರೆ ನಾವು ಫೋರ್ಟಿನ ಆಫೀಸಿನಲ್ಲಿ ಫೈಲು ಮಗುಚುತ್ತಿರುವಾಗ ಇಲ್ಲಿ ನಮ್ಮ ಬಾಟ್ಲಿ ಕ್ಯೂ ನಿಂತಿರುತ್ತದೆ. ಲೋಕಲ್ ರೈಲಿನಲ್ಲಿ ಕರ್ಚೀಫು ಎಸೆದು ಸೀಟು ಹಿಡಿಯುವ ಜನ ನಾವು. ನಮಗೆ ಇದು ಹೊಳೆಯದೆ ಇರುತ್ತದೆಯೇ?

ನನ್ನದು ಗುಲಾಬಿ ನೀರಿನ ಹಳೆಯ ಬಾಟ್ಲಿ. ಅದಲುಬದಲಾಗದಿರಲಿ ಎಂದು ಅದರ ಕುತ್ತಿಗೆಗೆ ಕೆಂಪು ಉಲ್ಲನ್ ದಾರ ಕಟ್ಟಿದ್ದೇನೆ. ಸೋಮವಾರ ಅದರ ನಂಬರು ಒಂಬತ್ತು.

ಏನು ಕಾಯಿಲೆ ಅನ್ನುತ್ತೀರಾ? ಏನೂ ಇಲ್ಲ. ತಂಗಿಯ ಸೀಮಂತಕ್ಕೆಂದು ಎರಡು ದಿನ ರಜೆ ಹಾಕಿ ಕುಂದಾಪುರಕ್ಕೆ ಹೋದವಳು ಮತ್ತೂ ಐದು ದಿನ ಕೂತುಬಿಟ್ಟಿದ್ದೆ. "ಮಂಗಳವಾರ ಮೆಡಿಕಲ್ ಸರ್ಟಿಫಿಕೇಟ್ ನನ್ನ ಟೇಬಲ್ ಮೇಲಿರಬೇಕು, ಇಲ್ಲವಾದರೆ ಮೆಮೊ" ಎಂದು ಶನಿವಾರವೇ ಹೆಡ್‌ಕ್ಲಾರ್ಕ್ ಹೇಳಿಬಿಟ್ಟರು. ನಮ್ಮ ಡಾಕ್ಟರು ಹಳೆಯ ಗಿರಾಕಿಗಳ ವಿಷಯದಲ್ಲಿ ಉದಾರಿ. (ನೀವೂ ಒಂದಲ್ಲ ಒಂದು ಸಲ ಇಂಥದ್ದು ತಂದವರೇ. ಮುಖ ಆಚೆ ತಿರುಗಿಸಬೇಡಿ.)

ಸಂಜೆ ಏಳಕ್ಕೆ ದವಾಖಾನೆ ಮುಟ್ಟಿದಾಗ ಐದನೇ ಬಾಟ್ಲಿ ಒಳಗಿತ್ತು. ಬೆಂಚು ತುಂಬಿತ್ತು. ಮೆಟ್ಟಿಲ ಮೇಲೆ ಒಬ್ಬಳು ಹೆಂಗಸು ನಾಲ್ಕೈದು ವರ್ಷದ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಸೀರೆಯ ಅಂಚಿಗೆಲ್ಲ ಸಿಮೆಂಟು. "ಸುಮ್ನಿರವ್ವಾ, ಇನ್ನೇನ್ ಕರೀತಾರ" ಎಂದು ಮಗುವಿಗೆ ಹೇಳುವುದು ಕಿವಿಗೆ ಬಿತ್ತು. ಕನ್ನಡ ಕೇಳಿದರೆ ಸುಮ್ಮನಿರುವ ಜಾತಿ ನನ್ನದಲ್ಲ.

"ಎಷ್ಟು ಹೊತ್ತಾಯ್ತು ಮಾರಾಯ್ತಿ ನೀನು ಬಂದು?"

"ಬಿಸಿಲಾಗ ಬಂದೀನ್ರಿ ಅಕ್ಕಾರ. ಆವಾಗ ಇಲ್ಲಿ ಒಂದ್ ನರಪಿಳ್ಳಿನೂ ಇರ್ಲಿಲ್ಲ. ಈಗ ಹಿಂದ್ ಬಂದವ್ರೆಲ್ಲಾ ಮುಂದ್ ಹೋಗ್ಲತ್ತಾರ."

ಅವಳ ಹೆಸರು ಸಿದ್ದಮ್ಮ. ಗುಲ್ಬರ್ಗಾ ಕಡೆಯವಳು. ಸ್ಟೇಷನ್ನಿನ ಹಿಂದೆ ಏಳುತ್ತಿರುವ ಬಿಲ್ಡಿಂಗಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ. ಮಗಳಿಗೆ ಎರಡು ದಿನದಿಂದ ಜ್ವರ. ಕೈಯಿಟ್ಟು ನೋಡಿದೆ. ಹಣೆ ಸುಡುತ್ತಿತ್ತು. ಮನುಷ್ಯರ ಕ್ಯೂನಲ್ಲಿ ಇವಳೇ ಮೊದಲನೆಯವಳು. ಆದರೆ ನಮ್ಮದು ಮನುಷ್ಯರ ಕ್ಯೂ ಅಲ್ಲ ಎಂದು ಇವಳಿಗೆ ಯಾರು ಹೇಳಬೇಕಿತ್ತು?

ಮಾಮಾನ ಬಳಿ ಹೋಗಿ ಹೇಳಿದೆ. ಅವನು ಕೆಟ್ಟವನಲ್ಲ. ಹಲಗೆಯ ಕಡೆ ಕೈ ತೋರಿಸಿ, "ಬಾಟ್ಲಿ ಕುಠೇ ಆಹೆ?" ಎಂದ. ಬಾಟ್ಲಿ ಎಲ್ಲಿದೆ ಎಂದು. ಹಲಗೆಯ ಮೇಲೆ ಇನ್ನೂ ಹದಿನೆಂಟು ಬಾಟ್ಲಿಗಳಿದ್ದವು. ಎಂಟರೊಳಗೆ ಅಷ್ಟೂ ಮುಗಿಯುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಬೆಂಚಿನವರನ್ನು ಕೇಳಿದೆ. ಮಗುವನ್ನು ಮೊದಲು ಬಿಡೋಣವೇ? ಎಲ್ಲರೂ ಕೂಡಲೇ ಒಪ್ಪಿದರು. "ಬಿಲ್ಕುಲ್, ಮೇರೆ ಬಾದ್ ಭೇಜ್ ದೋ" ಎಂದರು ಮೊದಲನೆಯವರು. ನನ್ನ ನಂತರ ಕಳಿಸಿ ಎಂದು. ಎರಡನೆಯವರೂ ತಮ್ಮ ನಂತರವೇ ಎಂದರು. ಮೂರನೆಯವರು ಸೊಂಟ ಹಿಡಿದು ತೋರಿಸಿದರು. ಕರುಣೆ ಎಲ್ಲರಲ್ಲೂ ಇತ್ತು. ಅದು ಅವರವರ ನಂಬರ್ ಆದಮೇಲೆ ಶುರುವಾಗುತ್ತಿತ್ತು, ಅಷ್ಟೆ.

ನನ್ನ ಬಾಟ್ಲಿ ಇತ್ತಲ್ಲ? ಹೊಳೆಯದೆ ಇರಲಿಲ್ಲ. ಕೊಟ್ಟರೆ ನಾನು ಸಾಲಿನ ಬಾಲಕ್ಕೆ. ಎಂಟಕ್ಕೆ ಶಟರ್ ಕೆಳಗೆ. ನಾಳೆ ಮೆಮೊ. ಕೊಡಲೇ, ಬೇಡವೇ ಎಂದು ನಾನು ಆಚೀಚೆ ಆಗುತ್ತಿರುವಾಗಲೇ ಮಾಮಾ ಕೂಗಿದ: "ಲಾಲ್ ಧಾಗಾ!"

ಕೆಂಪು ದಾರದವಳು ನಾನೇ. ಒಳಗೆ ಹೋದೆ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಹೋದೆ.

ಡಾಕ್ಟರು ನನ್ನ ನಾಡಿ ಕೂಡ ಹಿಡಿಯಲಿಲ್ಲ. "ಜ್ವರ ಅಂತ ಬರೆದರೆ ಸಾಕಲ್ಲ?" ಎಂದು ಕೇಳಿದರು. ಸಾಕು ಎಂದೆ. ಐದು ದಿನದ ಜ್ವರ, ಸಂಪೂರ್ಣ ವಿಶ್ರಾಂತಿ, ಸಹಿ, ಸಿಕ್ಕಾ. ಕಾಗದವನ್ನು ನಾಲ್ಕಾಗಿ ಮಡಿಸಿ ಪರ್ಸಿನಲ್ಲಿ ಭದ್ರವಾಗಿ ಇಟ್ಟುಕೊಂಡ ಮೇಲೆ ನನಗೆ ಧೈರ್ಯ ಬಂತು.

"ಡಾಕ್ಟರ್, ಹೊರಗೊಂದು ಮಗು ಇದೆ. ಅದಕ್ಕೆ ಜ್ವರ."

"ಬಾಟ್ಲಿ ನಂಬರ್?"

"ಬಾಟ್ಲಿ ಇಲ್ಲ. ಎಲ್ಲರಿಗಿಂತ ಮೊದಲು ಬಂದು ಕೂತಿದ್ದಾರೆ."

ಅವರು ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿದರು. ತಾವೇ ಎದ್ದು ಪರದೆ ಸರಿಸಿ ಸಿದ್ದಮ್ಮನನ್ನು ಒಳಗೆ ಕರೆದರು. ಹೊರಗೆ ಹತ್ತನೇ ಬಾಟ್ಲಿಯವರು ಗೊಣಗಿದರು, ಗೊಣಗಲಿ.

ಥರ್ಮಾಮೀಟರ್ ನೂರನಾಲ್ಕು ತೋರಿಸಿತು. ಎದೆಗೆ ನಳಿಕೆ ಇಟ್ಟು ಡಾಕ್ಟರು ಬಹಳ ಹೊತ್ತು ಕೇಳಿದರು. ಕಫ ಎದೆಗೆ ಇಳಿದಿದೆ ಎಂದರು. ಇಂಜೆಕ್ಷನ್ ಕೊಟ್ಟರು. ಮೂರು ದಿನ ಮಿಕ್ಸ್‌ಚರ್ ಕುಡಿಸಿ ಗುರುವಾರ ತಪ್ಪದೆ ತೋರಿಸಬೇಕು, ಅಷ್ಟರೊಳಗೆ ಜ್ವರ ಬಿಡದಿದ್ದರೆ ದೊಡ್ಡ ಆಸ್ಪತ್ರೆಯೇ ಗತಿ, ತಡ ಮಾಡಿದರೆ ಮಗು ಕೈಗೆ ಸಿಗುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ನಾನು ಕನ್ನಡ ಮಾಡಿದೆ. ಕೊನೆಯ ಮಾತನ್ನು ಮಾತ್ರ ಸ್ವಲ್ಪ ಮೆತ್ತಗೆ ಮಾಡಿದೆ.

ಮಿಕ್ಸ್‌ಚರ್ ಹಾಕಲು ಮಾಮಾ ಮತ್ತೆ ಬಾಟ್ಲಿ ಕೇಳಿದ. ಈ ಸಲ ನನ್ನದನ್ನು ಕೊಟ್ಟೆ. ಅದರಲ್ಲಿ ತುಂಬಿಸಿಕೊಳ್ಳುವಂಥದ್ದು ನನಗೇನೂ ಇರಲಿಲ್ಲವಲ್ಲ. ಅವನು ಕಾಗದ ಕತ್ತರಿಸಿ, ಡೋಸಿನ ಪಟ್ಟಿ ಅಂಟಿಸಿ ಕೊಟ್ಟ.

ಗುರುವಾರ ಬೆಳಿಗ್ಗೆ ಈ ಬಾಟ್ಲಿಯನ್ನು ತೊಳೆದು ತಂದು ಹಲಗೆಯ ಮೇಲೆ ಇಟ್ಟು ಹೋಗಬೇಕು, ಮಗುವನ್ನು ಸಂಜೆ ಕರೆತಂದರೆ ಸಾಕು ಎಂದು ಸಿದ್ದಮ್ಮನಿಗೆ ಎರಡೆರಡು ಸಲ ಹೇಳಿದೆ. ಅವಳು ಬಾಟ್ಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಮುಂಜಾನಿಂದ ನಾ ಕೂಡೋದ್ ಬ್ಯಾಡ, ಇದ್ ಕುಂತ್ರ ಸಾಕೇನ್ರಿ? ಇದಕ್ಕ ಇಷ್ಟ್ ಕಿಮ್ಮತ್ ಅದೇನ್ರಿ ಅಕ್ಕಾರ?"

ನಾನು ನಕ್ಕೆ.

ಗುರುವಾರ ಬೆಳಿಗ್ಗೆ ಶಟರ್ ಅಡಿ ಬಗ್ಗಿ ನೋಡಿದೆ. ಹಲಗೆಯ ಮೇಲೆ ಹನ್ನೊಂದು ಬಾಟ್ಲಿಗಳಿದ್ದವು. ಕೆಂಪು ದಾರದ್ದು ಇರಲಿಲ್ಲ. ಸಂಜೆ ಮಾಮಾನನ್ನು ಕೇಳಿದೆ. ಆ ಬಾಯಿ (ಮರಾಠಿಯಲ್ಲಿ ಹೆಂಗಸು) ಬಂದೇ ಇಲ್ಲ ಎಂದ. ಶುಕ್ರವಾರವೂ ನೋಡಿದೆ.

ಶನಿವಾರ ಅರ್ಧ ದಿನದ ಆಫೀಸು. ವಾಪಸು ಬರುವಾಗ ಸ್ಟೇಷನ್ನಿನ ಹಿಂದಿನ ಬಿಲ್ಡಿಂಗಿಗೆ ಹೋದೆ. ಸ್ಲ್ಯಾಬಿನ ಕೆಲಸ ಮುಗಿದು ಬುಧವಾರವೇ ಇಡೀ ತಂಡವನ್ನು ಟ್ರಕ್ಕಿನಲ್ಲಿ ತುಂಬಿಕೊಂಡು ತುರ್ಭೆ ಕಡೆಗೆ ಒಯ್ದರಂತೆ. ತುರ್ಭೆಯಲ್ಲಿ ಎಲ್ಲಿ ಎಂದು ಕೇಳಿದೆ. "ಅಲ್ಲೆಲ್ಲ ಬರೀ ಕಟ್ಟಡಗಳೇ ಏಳುತ್ತಿವೆ, ಎಲ್ಲಿ ಅಂತ ಹುಡುಕುತ್ತೀರಿ ಬಾಯಿ?" ಎಂದ ವಾಚ್‌ಮನ್. ಮಗುವೊಂದಕ್ಕೆ ಮೈ ಸರಿ ಇರಲಿಲ್ಲವಲ್ಲ ಎಂದರೆ, ತಂಡದಲ್ಲಿ ಮಕ್ಕಳು ಬಹಳ ಇದ್ದವು, ಅವನಿಗೆ ಗೊತ್ತಿಲ್ಲ. ತುರ್ಭೆಯಲ್ಲೂ ದವಾಖಾನೆಗಳಿರುತ್ತವೆ. ಅಲ್ಲಿಯ ಕ್ಯೂ ಯಾವ ಬಗೆಯದೋ. ಅಲ್ಲಿ ಅವಳು ಯಾರನ್ನು ಕೇಳಿ ತಿಳಿದುಕೊಳ್ಳಬೇಕು?

ನನ್ನ ಸರ್ಟಿಫಿಕೇಟ್ ಮಾತ್ರ ಒಂದೂ ಪ್ರಶ್ನೆಯಿಲ್ಲದೆ ಪಾಸಾಯಿತು. ಹೆಡ್‌ಕ್ಲಾರ್ಕರ ಮನಸ್ಸು ಕರಗಿರಬೇಕು. ಈಗ ದಿನಾ ಬೆಳಿಗ್ಗೆ ಮಸ್ಟರಿಗೆ ಸಹಿ ಹಾಕುವಾಗ ಕೇಳುತ್ತಾರೆ, "ಜ್ವರ ಹೇಗಿದೆಯಮ್ಮ ಈಗ?"

ನಾನು ಯಾರನ್ನು ಕೇಳಲಿ?