ಬಂದ್ ಐತಿ, ಬಂದೈತಿ

ಆಗ ನನಗೆ ಐವತ್ತೇಳು. ಈಗ್ಗೆ ಒಂಬತ್ತು ವರ್ಷದ ಹಿಂದಿನ ಮಾತು. ಹೈದರಾಬಾದಿನ ಕೊಂಡಾಪುರದಲ್ಲಿ ಒಂದು ದೊಡ್ಡ ಅಪಾರ್ಟ್‌ಮೆಂಟು ಏಳುತ್ತಿತ್ತು. ಅದರ ಅಡುಗೆಮನೆಗಳಲ್ಲಿ ಗ್ರಾನೈಟ್ ಕಟ್ಟೆಯ ಕೆಲಸ ನನ್ನದು. ಕಲ್ಲು ಹೊತ್ತು ತಂದು ಕೂರಿಸುವವರು ಬೇರೆ. ಕೂರಿಸಿದ ಕಲ್ಲಿನ ಅಂಚು ದುಂಡಗೆ ಮಾಡಿ ಹೊಳಪು ತರುವುದು, ಸಿಂಕ್ ಇಡುವ ಕಿಂಡಿಯ ಮೂಲೆ ಕೊಯ್ಯುವುದು ನನ್ನ ಪಾಲು. ಅದಕ್ಕೆ ಕರೆಂಟಿನ ಕೈಮಷೀನು. ಆ ಕಟ್ಟಡದಲ್ಲಿ ಮಷೀನು ಹಿಡಿದ ಹೆಂಗಸು ನಾನೊಬ್ಬಳೇ. ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಮಷೀನು ನನ್ನ ಗಂಡನದು, ಕೋಠಿಯ ಬಜಾರಿನಲ್ಲಿ ಕೊಂಡು ತಂದದ್ದು. ಕಲ್ಲಿನ ಧೂಳು ಕುಡಿದು ಕುಡಿದು ಅವನ ಎದೆ ಕಟ್ಟಿತು, ಸತ್ತ. ಮಷೀನು ಉಳಿಯಿತು. ಮೂಲೆಯಲ್ಲಿಟ್ಟು ಪೂಜೆ ಮಾಡಲು ಅದೇನು ದೇವರೇ? ಹಿಡಿದೆ.

ಸೀರೆಯ ಮೇಲೆ ಅವನದೇ ಹಳೆಯ ತುಂಬುತೋಳಿನ ಅಂಗಿ ಹಾಕಿಕೊಳ್ಳುತ್ತಿದ್ದೆ. ಸೆರಗು ಅಂಗಿಯೊಳಗೆ. ಬಳೆ ತೆಗೆದದ್ದು ಗಂಡ ಸತ್ತನೆಂದಲ್ಲ, ಮಷೀನಿಗೆ ಸಿಗಬಾರದೆಂದು. ಕೇಳಿದವರಿಗೆ ಹಾಗೇ ಹೇಳುತ್ತಿದ್ದೆ, ಅವರು ನಂಬುತ್ತಿರಲಿಲ್ಲ. ಮೂಗು ಬಾಯಿಗೆ ಒದ್ದೆ ಬಟ್ಟೆ. ವರ್ಷಗಟ್ಟಲೆ ಆ ಮಷೀನು ಹಿಡಿದು ಎರಡೂ ಕೈ ಜೋಮು ಹಿಡಿದಿದ್ದವು. ಕೂತೆದ್ದಾಗ ಕಾಲಿಗೆ ಬರುತ್ತದಲ್ಲ, ಆ ಜೋಮು. ಕಾಲಿನದು ಜಾಡಿಸಿದರೆ ಹೋಗುತ್ತದೆ. ಇದು ಹೋಗಲಿಲ್ಲ. ಚಹಾದ ಗ್ಲಾಸು ಸುಡುತ್ತಿದೆಯೋ ಆರಿದೆಯೋ ತುಟಿಗೆ ತಾಗಿಸಿದ ಮೇಲೆಯೇ ಗೊತ್ತಾಗುವುದು. ಹಾಗೇ ನಡೆದಿತ್ತು. ಜೋಮು ಕೈಗೆ ಮಾತ್ರ ಇತ್ತೆಂದೂ ಹೇಳಲಾರೆ. ಗಂಡ ಸತ್ತಾಗ ಮಂದಿ ಅಳು ಅಳು ಎಂದರು. ನನಗೆ ಬರಲಿಲ್ಲ.

ನನ್ನ ಜೊತೆ ಕೆಲಸಕ್ಕೆ ಬರುತ್ತಿದ್ದವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ನಮ್ಮದು ಲಿಂಗಸುಗೂರು ಕಡೆ. ನಾನು ಹೈದರಾಬಾದಿಗೆ ಬಂದು ಅರ್ಧ ಆಯುಷ್ಯ ಕಳೆದಿತ್ತು, ಅವಳು ಊರು ಬಿಟ್ಟು ಬಂದು ವರ್ಷ ತುಂಬಿರಲಿಲ್ಲ. ಜೀಡಿಮೆಟ್ಲಾದಲ್ಲಿ ಒಂದೇ ಸೂರಿನ ಕೆಳಗೆ ಎರಡು ಖೋಲಿ, ಒಂದು ನನ್ನದು, ಒಂದು ಅವರದು. ಅವಳ ಕೆಲಸ ನೀರು ಹೊಯ್ಯುವುದು. ಕಲ್ಲು ಕೊಯ್ಯುವಾಗ ನೀರು ಬೀಳುತ್ತಿದ್ದರೆ ಧೂಳು ಏಳುವುದಿಲ್ಲ, ಬಿಲ್ಲೆ ಕಾಯುವುದಿಲ್ಲ. ಬಿಲ್ಲೆ ಎಂದರೆ ಮಷೀನಿನ ಮೂತಿಗೆ ಕೂರಿಸುವ ಚಕ್ರ. ಕೊಯ್ಯಲು ಒಂದು, ಹೊಳಪಿಗೆ ಒಂದು. ನೀರಿನ ಜೊತೆಗೆ ಬೋರ್ಡು ನೋಡುವುದೂ ಅವಳ ಪಾಲಿಗೆ ಬಂದಿತ್ತು. ಅಡುಗೆಮನೆಗೆ ಇನ್ನೂ ಕರೆಂಟು ಎಳೆದಿರಲಿಲ್ಲ. ಲಿಫ್ಟಿನ ಗುಂಡಿಯ ಪಕ್ಕದ ಬೋರ್ಡಿನಿಂದ ಹಜಾರ ದಾಟಿಸಿ ವೈರು ತರಬೇಕು. ನಾನು ಕೂಗಿದರೆ ಅವಳು ಓಡಿಹೋಗಿ ಸ್ವಿಚ್ಚು ಆರಿಸುವುದು, ಮತ್ತೆ ಕೂಗಿದರೆ ಹಾಕುವುದು.

ಬಾಯಿ ಇದ್ದವಳು. ನಾನು ಊಟಕ್ಕೆ ಕೂತಾಗ ಮಷೀನು ತೆಗೆದುಕೊಂಡು ಅಂಚು ಉಜ್ಜುತ್ತಿದ್ದಳು. ಚೆನ್ನಾಗಿಯೇ ಉಜ್ಜುತ್ತಿದ್ದಳು. ನಾನು ಹೇಳುತ್ತಿರಲಿಲ್ಲ.

"ಯಕ್ಕಾ, ಹೆಂಗೈತಿ ನೋಡ್ರಿ ನನ್ನ ಕೈ?"

"ಎಮ್ಮಿ ನೆಕ್ಕಿದಂಗ ಐತಿ."

"ನಿಮ್ಮ ಎಮ್ಮಿ ಕನ್ನಡಿ ನೆಕ್ಕತಿತ್ತೇನು? ಮಾರಿ ಕಾಣಾಕತ್ತೈತಿ ಇದರಾಗ!"

ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಎಲ್ಲರನ್ನೂ ಕೆಳಗೆ ನಿಲ್ಲಿಸಿ ಸೇಫ್ಟಿಯವನು ಭಾಷಣ ಮಾಡುತ್ತಿದ್ದ. ಬಿಲ್ಲೆಯ ಮೇಲಿನ ತಗಡಿನ ಮರೆ ತೆಗೆಯಬೇಡಿ, ವೈರು ನೀರಿನಲ್ಲಿ ಬಿಡಬೇಡಿ, ಬಿಲ್ಲೆ ಬದಲಿಸುವ ಮುಂಚೆ ಪಿನ್ನನ್ನೇ ಕಿತ್ತುಬಿಡಿ, ಸ್ವಿಚ್ಚು ನಂಬಬೇಡಿ. ಎಲ್ಲ ಹಿಂದಿಯಲ್ಲಿ. ಪಿನ್ ಎಂದರೆ ಬೋರ್ಡಿಗೆ ಚುಚ್ಚುವ ಮೂರು ಕಾಲಿನದು. ಅವನು ಹೇಳಿದ್ದೆಲ್ಲ ಖರೆ. ಆದರೆ ಸಿಂಕಿನ ಮೂಲೆಗೆ ಆ ತಗಡು ಅಡ್ಡ ಬರುತ್ತದೆ, ಎಲ್ಲರೂ ತೆಗೆದೇ ಇಟ್ಟಿದ್ದರು, ನಾನೂ ತೆಗೆದಿದ್ದೆ. ಪಿನ್ನು ಇರುವುದು ಹಜಾರದಾಚೆ. ಅಲ್ಲಿಗೆ ಒಬ್ಬಳು ಇದ್ದಾಳಲ್ಲ ಎಂದು ನಾನು ಕೂತಲ್ಲಿಂದಲೇ ಕೂಗುತ್ತಿದ್ದೆ.

ಆವತ್ತು ಆರನೇ ಅಂತಸ್ತು. ಅಂಚು ಉಜ್ಜುತ್ತಿದ್ದೆ, ಅವಳು ನೀರು ಹೊಯ್ಯುತ್ತಿದ್ದಳು, ಕರೆಂಟು ಹೋಯಿತು. ಮಷೀನು ಗುಯ್ ಎಂದು ಆರಿತು. ಮುಂದಕ್ಕೆ ತಳ್ಳಿದರೆ ಹತ್ತುವ ಅದರ ಗುಂಡಿಯನ್ನು ನಾನು ಹಿಂದಕ್ಕೆ ಸರಿಸಿದೆ.

"ಬೋರ್ಡ ಕಡೆ ಹೋಗಿ ನೋಡಬೇ," ಎಂದೆ.

ಅವಳು ಹೋದಳು. ಕೂತೇನು ಮಾಡಲಿ, ಅಷ್ಟರಲ್ಲಿ ಕೊಯ್ಯುವ ಬಿಲ್ಲೆಯನ್ನಾದರೂ ಹಾಕೋಣ ಎಂದುಕೊಂಡೆ. ಮೇಲಿನ ಅಂತಸ್ತಿನಲ್ಲಿ ಯಾರೋ ಗೋಡೆಗೆ ಸುತ್ತಿಗೆ ಬಡಿಯುತ್ತಿದ್ದರು. ಗಂಟಲು ಹರಿದು ಕೂಗಿದೆ.

"ಬಂದ್ ಐತೇನು?"

"ಹೂಂ ಯಕ್ಕಾ, ಬಂದೈತಿ!"

ಇಲ್ಲಿ ನಿಂತು ಇದನ್ನು ಬಿಡಿಸಿ ಹೇಳಬೇಕು. ಹೈದರಾಬಾದಿನಲ್ಲಿ ತೆಲುಗರೂ ತುರುಕರೂ ನಾವೂ ಎಲ್ಲರೂ ಆರಿಸುವುದಕ್ಕೆ ಬಂದ್ ಎಂದೇ ಅನ್ನುವುದು. ನಾನು ಕೇಳಿದ್ದು ಬೋರ್ಡಿನ ಸ್ವಿಚ್ಚು ಆರಿದೆಯೇ ಎಂದು. ನಮ್ಮ ಊರ ಮಾತಿನಲ್ಲಿ ಬಂದಿದೆ ಎನ್ನುವುದಕ್ಕೆ ಬಂದೈತಿ ಎನ್ನುತ್ತಾರೆ. ಬಿಡಿಸಿ ಬರೆದರೆ ಎರಡು, ಬಾಯಲ್ಲಿ ಒಂದೇ. ಜನರೇಟರು ಹತ್ತಿ ಲಿಫ್ಟಿನ ಹತ್ತಿರದ ಬಲ್ಬು ಬೆಳಗಿತ್ತು. ಕರೆಂಟು ಬಂತೇ ಎಂದು ನಾನು ಕೇಳಿದೆನೆಂದು ಅವಳು ತಿಳಿದಳು. ಬಂದಿತ್ತು. ಬಂದಿದೆ ಎಂದಳು.

ನಾನು ಮಷೀನನ್ನು ಮಡಿಲಲ್ಲಿ ಮಗುಚಿ ಕೊಯ್ಯುವ ಬಿಲ್ಲೆ ಕೂರಿಸಿ, ಎಡಗೈಯಿಂದ ಅದನ್ನು ಹಿಡಿದು, ಬಲಗೈಯಿಂದ ನಟ್ಟಿಗೆ ಪಾನಾ ಹಾಕಿ ತಿರುಗಿಸಿದೆ. ಬಿಗಿ ಮಾಡುವ ಜೋರಿಗೆ ಗುಂಡಿ ತೊಡೆಗೆ ಒತ್ತಿ ಮುಂದಕ್ಕೆ ಸರಿಯಿತು. ಪಾನಾ ಹಾರಿ ಕಿಟಕಿಯ ಚೌಕಟ್ಟಿಗೆ ಬಡಿಯಿತು. ಆ ಸದ್ದು ಕೇಳಿತು, ಅಷ್ಟೇ. ನೋವು ಆಗಲಿಲ್ಲ. ಕಲ್ಲಿನ ಮೇಲಿನ ಬಿಳಿ ನೀರು ಕೆಂಪಾಗುತ್ತಿತ್ತು. ಇದು ಎಲ್ಲಿಂದ ಬಂತು ಎಂದು ನೋಡುತ್ತ ಕೂತೆ. ಆಮೇಲೆ ಕೈ ನೋಡಿದೆ. ಎಡಗೈಯ ಕಿರುಬೆರಳೂ ಅದರ ಪಕ್ಕದ್ದೂ ಮೇಲಿನ ಗಿಣ್ಣಿನ ತನಕ ಇರಲಿಲ್ಲ. ಮಷೀನಿನ ಗುಂಡಿ ಹಿಂದಕ್ಕೆ ಸರಿಸಿ, ಕಟ್ಟೆಯ ಮೇಲೆ ಇಟ್ಟು, ಆಮೇಲೆ ಎದ್ದೆ.

ನೆಗೆಣ್ಣಿ ಬಂದವಳು ಕೂಗಿದ್ದಕ್ಕೆ ಮೇಲಿನ ಸುತ್ತಿಗೆ ನಿಂತಿತು.

ಮೇಸ್ತ್ರಿ ನಮ್ಮಿಬ್ಬರನ್ನೂ ಆಟೋ ಹತ್ತಿಸಿಕೊಂಡು ಹತ್ತಿರದ ದವಾಖಾನೆಗೆ ಒಯ್ದ. ಅವನು ತೆಲುಗಿನವನು, ನಮ್ಮಂಥವರ ಜೊತೆ ಇದ್ದು ಇದ್ದು ಮುರುಕು ಕನ್ನಡ ಬರುತ್ತಿತ್ತು. ಹೊಲಿಗೆ ಹಾಕಿಸಿಕೊಂಡು ಬಾಕಿನ ಮೇಲೆ ಕೂತಿದ್ದೆವು. ನೆಗೆಣ್ಣಿ ಮೂಗು ಒರೆಸುತ್ತ ಒಂದೇ ಮಾತು ಹಿಡಿದಿದ್ದಳು.

"ನಾ ಖರೇನ ಹೇಳೀನ್ರಿ. ಬಂದೈತಿ ಅಂದೆ."

"ಅದನ್ನ ನಾನೂ ಅನ್ನೂದು. ಬಂದ್ ಐತಿ ಅಂದಿ."

"ಬಂದ್ ಐತಿ ಅನ್ನಲಿಲ್ರಿ ಯಕ್ಕಾ, ಬಂದೈತಿ ಅಂದೆ!"

"ಮತ್ತ ಅದನ್ನ ಅಂದಿ ನೋಡು."

ಮೇಸ್ತ್ರಿ ಒಮ್ಮೆ ಅವಳ ಬಾಯಿ, ಒಮ್ಮೆ ನನ್ನ ಬಾಯಿ ನೋಡಿದ. ತಲೆ ಹಿಡಿದುಕೊಂಡ.

"ಬಂದರೂ ಬಂದ್, ಹೋದರೂ ಬಂದ್! ಏಮಿ ಭಾಷ ಅಮ್ಮಾ ನಿಮ್ಮದು? ಇಬ್ರೂ ಒಂದೇ ಹೇಳ್ತೀರಿ, ಜಗಳ ಯಾಕೆ ಮಾಡ್ತೀರಿ?"

ಪಟ್ಟಿ ಕಟ್ಟುತ್ತಿದ್ದ ನರ್ಸಮ್ಮ ನಕ್ಕಳು. ನನಗೂ ನಗು ಬಂದಂತಾಯಿತು, ಪೂರ್ತಿ ಬರಲಿಲ್ಲ.

ಆಮೇಲೆ ಅವನು ದನಿ ಇಳಿಸಿದ. "ರೇಪು ರಾವದ್ದು ಅಮ್ಮಾ," ಎಂದ. ನಾಳೆ ಬರಬೇಡಿ ಎಂದು. ಆರನೇ ಅಂತಸ್ತಿನ ಅಡುಗೆಮನೆಗಳು ನಿಲ್ಲುವ ಹಾಗಿಲ್ಲ, ಇಬ್ಬರು ಗಂಡಾಳುಗಳಿದ್ದಾರೆ, ಅವರದೇ ಮಷೀನಿದೆ, ನಾಳೆಯಿಂದ ಅವರು. ಹೆಂಗಸರ ಕೈಗೆ ಮಷೀನು ಕೊಟ್ಟದ್ದಕ್ಕೆ ಮೇಲಿನ ಸಾಹೇಬರು ಫೋನಿನಲ್ಲಿ ತನ್ನನ್ನು ಬೈದರು ಎಂದ. ಅವನದು ಸುಳ್ಳಲ್ಲ. ನನಗೆ ಗೊತ್ತಿತ್ತು, ಒಂದು ದಿನ ಕಟ್ಟೆ ಬಿಟ್ಟರೆ ಮತ್ತೆ ಆ ಕಟ್ಟೆ ಸಿಗುವುದಿಲ್ಲ. ಆ ಕಟ್ಟಡದಲ್ಲಿ ಮಾತ್ರವಲ್ಲ. ಮೇಸ್ತ್ರಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಮಷೀನು ಹೋದರೆ ನನಗೆ ಉಳಿಯುವುದು ಇಟ್ಟಿಗೆ ಹೊರುವುದು, ಅದಕ್ಕೆ ನನ್ನ ಮೊಣಕಾಲು ಒಪ್ಪುವುದಿಲ್ಲ.

"ಕಟ್ಟಿ ನನ್ನದು," ಎಂದೆ. "ಅರ್ಧ ಉಜ್ಜಿದ್ದು ಯಾರಿಗೂ ಬಿಡೂದಿಲ್ಲ."

"ಯಾವ ಕೈಲಿ ಮಾಡ್ತೀ?"

ಎದ್ದು ಬಂದೆ.

ಸಂಜೆ ಖೋಲಿಯಲ್ಲಿ ಕೂತಿದ್ದೆ. ಕೈ ಆಗ ಹತ್ತಿತು ಸಿಡಿಯಲು. ಜೋಮು ಹಿಡಿದ ಕೈಯಲ್ಲಿ ಅಷ್ಟು ನೋವು ಎಲ್ಲಿ ಇತ್ತೋ. ಪಕ್ಕದ ಖೋಲಿಯಿಂದ ರೊಟ್ಟಿ ಬಡಿಯುವ ಸದ್ದು ಬರಲಿಲ್ಲ. ಹೋಗಿ ನೋಡಿದರೆ ನೆಗೆಣ್ಣಿ ಗಂಟು ಕಟ್ಟುತ್ತಿದ್ದಳು. ಮೈದುನ ಇನ್ನೂ ಕೆಲಸದಿಂದ ಬಂದಿರಲಿಲ್ಲ.

"ಎಲ್ಲಿಗೆ?"

"ಊರಿಗ್ರಿ. ನನ್ನ ಬಾಯಿಂದ ನಿಮ್ಮ ಬೆರಳು ಹೋದುವು."

"ಬಾಯಿಂದ ಅಲ್ಲ, ಬಿಲ್ಲಿಯಿಂದ. ನಿನ್ನ ಬಾಯಿ ಅಷ್ಟು ಹರಿತ ಇದ್ದಿದ್ರ ಮಷೀನ್ ಯಾಕ ಬೇಕಿತ್ತು? ನಿನ್ನನ್ನ ಕಲ್ಲಿಗೆ ಹಚ್ಚತಿದ್ದೆ."

ಅವಳು ಅಳುತ್ತ ನಕ್ಕಳು, ಮತ್ತೆ ಅತ್ತಳು. "ನಿಮಗ ಸಿಟ್ಟು ಬರಂಗಿಲ್ಲೇನ್ರಿ ಯಕ್ಕಾ? ಬೈರಿ ಒಮ್ಮೆ."

ಸಿಟ್ಟು ಹುಡುಕಿದೆ. ಸಿಗಲಿಲ್ಲ. ಕರುಣೆಯೂ ಇರಲಿಲ್ಲ, ಹಾಗೆಂದು ಬರೆದುಕೊಂಡು ದೊಡ್ಡವಳಾಗುವುದು ನನಗೆ ಬೇಡ. ನನಗೆ ಕಂಡದ್ದು ಅವಳ ಕೈ. ಗಂಟಿನ ಮೇಲೆ ಇದ್ದವು, ಎರಡೂ, ಹತ್ತೂ ಬೆರಳು. ಕಲ್ಲಿಗೆ ಬಂದು ವರ್ಷ ತುಂಬದ ಕೈ, ಜೋಮು ಇನ್ನೂ ಹತ್ತಿರಲಿಲ್ಲ.

"ಹಸಿವಾಗೈತಿ," ಎಂದೆ. "ರೊಟ್ಟಿ ಬಡಿ."

ಗಂಟು ಬದಿಗೆ ಸರಿಸಿ ಹಿಟ್ಟು ನಾದಿದಳು. ಬಡಿಯುವಾಗ ಅವಳ ಕೈಯನ್ನೇ ನೋಡುತ್ತ ಕೂತೆ. ತೆಳ್ಳಗೆ, ಒಂದೇ ಸಮ, ಅಂಚು ಎಲ್ಲಿಯೂ ಒಡೆಯದೆ. ತಿಂದು ಏಳುವಾಗ ಗಂಡನ ಅಂಗಿಯನ್ನು ಅವಳ ಗಂಟಿನ ಮೇಲೆ ಹಾಕಿ ಬಂದೆ. ಎಡತೋಳಿಗೆ ರಕ್ತ ಹತ್ತಿತ್ತು.

"ತೊಳಕೋ. ಮುಂಜಾನಿ ಹಾಕೋಬೇಕು," ಎಂದೆ.

ಮರುದಿನ ಬೆಳಿಗ್ಗೆ ಶೇರ್ ಆಟೋದಲ್ಲಿ ಹೋದೆವು. ಅಂಗಿ ಅವಳ ಮೈಮೇಲಿತ್ತು, ಇನ್ನೂ ಹಸಿ. ಬಳೆ ಅವಳೇ ತೆಗೆದು ಬಂದಿದ್ದಳು. ಮುತ್ತೈದೆ ಕೈ ಬರಿದು ಮಾಡಿಕೊಂಡಳೆಂದು ಆಟೋದಲ್ಲಿ ಒಬ್ಬಳು ಗೊಣಗಿದಳು. ಕೆಳಗೆ ಸೇಫ್ಟಿಯವನು ಭಾಷಣ ಶುರು ಮಾಡಿದವನು ನನ್ನ ಪಟ್ಟಿ ಕಂಡು ನಿಲ್ಲಿಸಿದ. ಆಮೇಲೆ ಪಿನ್ನಿನ ಮಾತನ್ನು ಎರಡು ಸಲ ಹೇಳಿದ. ಅವನು ಮುಗಿಸುವ ತನಕ ನಿಂತು ಕೇಳಿ ಮೆಟ್ಟಿಲು ಹತ್ತಿದೆ. ಗಂಡಾಳುಗಳಿಬ್ಬರೂ ಆಗಲೇ ಆರನೇ ಅಂತಸ್ತಿನಲ್ಲಿ ತಮ್ಮ ಮಷೀನು ಹಿಡಿದು ನಿಂತಿದ್ದರು, ಮೇಸ್ತ್ರಿ ಅವರಿಗೆ ಕಟ್ಟೆ ತೋರಿಸುತ್ತಿದ್ದ.

ಅವರನ್ನು ದಾಟಿ ಒಳಗೆ ಹೋದೆ, ನನ್ನ ಮಷೀನು ನಿನ್ನೆ ಇಟ್ಟ ಕಟ್ಟೆಯ ಮೇಲೆಯೇ ಇತ್ತು. ತೆಗೆದಿಟ್ಟ ತಗಡಿನ ಮರೆ ಹುಡುಕಿ ತಂದು ನೆಗೆಣ್ಣಿಯ ಕೈಗೆ ಕೊಟ್ಟೆ. ಬೋರ್ಡಿನ ಹತ್ತಿರ ಹೋಗಿ ಪಿನ್ನು ಕಿತ್ತೆ. ವೈರು ಹಜಾರದಿಂದ ಎಳೆದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ, ಅವಳ ಕಣ್ಣಿಗೆ ಬೀಳುವ ಹಾಗೆ, ಇಟ್ಟಿಗೆಯ ಮೇಲೆ ಕೂತೆ. ಅವಳು ಮಷೀನು ಮಡಿಲಿಗೆ ತೆಗೆದುಕೊಂಡಳು, ಪಾನಾ ಹಿಡಿದಳು.

"ಯಕ್ಕಾ, ಬಂದ್..." ಎಂದವಳು ಅಲ್ಲೇ ನುಂಗಿದಳು. "ಪಿನ್ ಎಲ್ಲೈತ್ರಿ?"

"ನನ್ನ ಕೈಯಾಗ."

ಎತ್ತಿ ತೋರಿಸಿದೆ. ಅವಳು ನೋಡಿದಳು. ತಗಡಿನ ಮರೆ ಕೂರಿಸಿದಳು, ಬಿಲ್ಲೆ ಹಾಕಿದಳು, ಬಿಗಿ ಮಾಡಿದಳು, ಗುಂಡಿ ಹಿಂದಕ್ಕಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ನಾನು ಎದ್ದು ಹಜಾರ ದಾಟಿ ಹೋಗಿ ಪಿನ್ನು ಚುಚ್ಚಿ, ವಾಪಸ್ಸು ಬಂದು, ಬಲಗೈಯಲ್ಲಿ ನೀರಿನ ಬಾಟಲಿ ಹಿಡಿದು ಕಲ್ಲಿನ ಮೇಲೆ ಹೊಯ್ದೆ.