ಮಗು ತಿರುವು

ನಿಧಾನಪ್ಪ ಹುಟ್ಟಿನಿಂದ ನಿಧಾನದವನಲ್ಲ. ಮೀಸೆ ಕಪ್ಪಗಿದ್ದ ಕಾಲದಲ್ಲಿ ಅವನಷ್ಟು ಚುರುಕಾಗಿ ಬಸ್ಸು ಓಡಿಸುವವನು ಆ ಡಿಪೋದಲ್ಲಿ ಇನ್ನೊಬ್ಬನಿರಲಿಲ್ಲ. ಆ ಹೆಸರು ಅಂಟಿಕೊಂಡದ್ದು ಆಮೇಲೆ. ರಸ್ತೆ ಖಾಲಿಯಿದ್ದರೂ ಅವನ ಕಾಲು ಬ್ರೇಕಿನ ಮೇಲೆಯೇ ಇರುತ್ತಿತ್ತು. ರಸ್ತೆಯ ಬದಿಗೆ ಯಾವುದಾದರೂ ಗಾಡಿ ನಿಂತದ್ದು ಕಂಡರೆ ಮುಗಿಯಿತು, ಅದನ್ನು ದಾಟುವವರೆಗೂ ಬಸ್ಸು ಆಮೆ ನಡಿಗೆಗೆ ಇಳಿಯುತ್ತಿತ್ತು. “ಇವನ ಬಸ್ಸು ಹತ್ತಿ ಮದುವೆಗೆ ಹೊರಟರೆ ತೊಟ್ಟಿಲು ತೂಗೋ ಹೊತ್ತಿಗೆ ಮುಟ್ತೀವಿ” ಎಂದು ಪ್ರಯಾಣಿಕರು ಗೊಣಗುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ. ನಗೆಪಾಟಲಾದ ಮನುಷ್ಯನನ್ನು ಯಾರೂ ಕಾರಣ ಕೇಳುವುದಿಲ್ಲ, ಅದು ಅವನಿಗೆ ಅನುಕೂಲವೇ ಆಗಿತ್ತು.

ಕಾರಣ ಇತ್ತು. ಊರಿನ ಪೂರ್ವದ ಅಂಚಿನಲ್ಲಿ, ಬಟ್ಟೆ ಕಾರ್ಖಾನೆಯ ಗೋಡೆ ಮುಗಿಯುವಲ್ಲಿ ರಸ್ತೆ ಎಡಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ಒಂದು ಮಧ್ಯಾಹ್ನ ನೀರಿನ ಟ್ಯಾಂಕರ್ ನಿಂತಿತ್ತು. ಅದರ ಹಿಂದಿನಿಂದ ಚಡ್ಡಿಯೂ ಇಲ್ಲದ ಒಂದು ಮಗು ಓಡಿಬಂತು. ಬಸ್ಸು ವೇಗವಾಗಿರಲಿಲ್ಲ, ಬ್ರೇಕು ಸರಿಯಾಗಿತ್ತು, ಡ್ರೈವರು ಕುಡಿದಿರಲಿಲ್ಲ ಎಂದು ವಿಚಾರಣೆ ನಡೆಸಿದವರೇ ಹೇಳಿದರು. ಎಲ್ಲರೂ ಅವನನ್ನು ಬಿಟ್ಟುಬಿಟ್ಟರು. ಅವನೊಬ್ಬನೇ ಬಿಡಲಿಲ್ಲ.

ಇಲ್ಲಿ ಕಂಡಕ್ಟರುಗಳ ರೂಢಿಯೊಂದನ್ನು ಹೇಳಬೇಕು. ಕಾಗದದ ಮೇಲೆ ಸ್ಟಾಪಿಗೆ ಏನೇ ಹೆಸರಿರಲಿ, ಅವರು ಕೂಗುವುದು ಜನರ ನೆನಪಿನಲ್ಲಿ ಇರುವುದನ್ನು. ಬಾವಿ ಮುಚ್ಚಿ ಅಂಗಡಿ ಸಾಲು ಬಂದರೂ ಅದು ‘ಬಾವಿಕಟ್ಟೆ’. ಜಗಳಗಂಟಿ ಮುದುಕಿ ಸತ್ತು ಎಷ್ಟು ಕಾಲವಾದರೂ ಅದು ‘ಬೈಯೋ ಅಜ್ಜಿ ಮನೆ’. ಅಪಘಾತವಾದ ಮೇಲೆ ಜನ ರಸ್ತೆಗೆ ಅಡ್ಡ ಕೂತು ಆ ತಿರುವಿನಲ್ಲಿ ಸ್ಟಾಪು ಮಾಡಿಸಿಕೊಂಡರು, ಬಸ್ಸುಗಳು ಅಲ್ಲಿ ನಿಂತಾದರೂ ಹೋಗಲಿ ಎಂದು. ಹೊಸ ಸ್ಟಾಪಿಗೆ ಹೆಸರಿರಲಿಲ್ಲ. ಕಂಡಕ್ಟರುಗಳು “ಮಗು ಸತ್ತ ತಿರುವು” ಎಂದು ಕೂಗಿದರು. ಬಾಯಿಂದ ಬಾಯಿಗೆ ಹೋಗುತ್ತಾ ನಡುವಿನ ಮಾತು ಉದುರಿ ‘ಮಗು ತಿರುವು’ ಉಳಿಯಿತು. ಯಾರಿಗೂ ಕೆಟ್ಟ ಬುದ್ಧಿಯಿರಲಿಲ್ಲ. ಆದರೆ ನಿಧಾನಪ್ಪ ಆ ದಾರಿಯಲ್ಲಿ ಇನ್ನು ಓಡಿಸಲಾರೆ ಎಂದು ಡಿಪೋ ಮ್ಯಾನೇಜರನ ಕೈಕಾಲು ಹಿಡಿದು, ಊರಿನ ಇನ್ನೊಂದು ತುದಿಯ ರೂಟು ಹಾಕಿಸಿಕೊಂಡ.

ಅಲ್ಲಿ ಅವನ ತಲೆಗೂದಲು ಬೆಳ್ಳಗಾಯಿತು. ಮಗಳು ಹುಟ್ಟಿ, ಬೆಳೆದು, ಗಂಡನ ಮನೆಗೆ ಹೋದಳು. ಅವಳು ಅಂಬೆಗಾಲಿಡುತ್ತಿದ್ದಾಗ ಇವನು ರಸ್ತೆಗೆ ಇಳಿಯದಂತೆ ಮನೆಯ ಬಾಗಿಲಿಗೆ ಅಡ್ಡ ಹಲಗೆ ಹೊಡೆದಿದ್ದ. ನಿವೃತ್ತಿಗೆ ಇನ್ನು ಸ್ವಲ್ಪವೇ ಕಾಲ, ಹೇಗೋ ದಡ ಸೇರಿದೆ ಎಂದುಕೊಳ್ಳುವ ಹೊತ್ತಿಗೆ ಬಸ್ಸುಗಳಿಗೆ ಹೊಸ ಹೆಸರಿಡುವ ಯೋಜನೆ ಬಂತು.

ರೂಟುಗಳ ನಂಬರು ಹಳೆಯದಾಯಿತಂತೆ, ಜನರಿಗೆ ಬಸ್ಸಿನ ಮೇಲೆ ಪ್ರೀತಿ ಹುಟ್ಟುವಂಥ ಹೆಸರು ಬೇಕಂತೆ. ಬಸ್ಸುಗಳಿಗೆ ಬಣ್ಣ ಬಳಿದರು. ಒಂದು ರೂಟು ‘ಮುಂಬೆಳಗು’, ಒಂದು ‘ತಂಗಾಳಿ’, ಒಂದು ‘ಸಂಜೆಗೆಂಪು’. ಸಂಜೆಗೆಂಪು ಬೆಳಗಿನ ಜಾವ ಮೊದಲು ಹೊರಡುವ ಬಸ್ಸು, ಮುಂಬೆಳಗು ಹೊರಡುವಾಗ ಬಿಸಿಲು ನೆತ್ತಿಗೆ ಬಂದಿರುತ್ತಿತ್ತು. ಕಂಡಕ್ಟರುಗಳನ್ನು ಕಚೇರಿಯ ಕೆಲಸಕ್ಕೆ ಕಳಿಸಿ ಬಾಗಿಲಲ್ಲಿ ಟಿಕೆಟಿನ ಯಂತ್ರ ಕೂರಿಸಿದರು. ಸ್ಟಾಪುಗಳ ಹೆಸರು ಹೇಳಲು ಯಾರೋ ಹುಡುಗಿಯ ದನಿ ತುಂಬಿದರು. ಎರಡೆರಡು ರೂಟುಗಳನ್ನು ಸೇರಿಸಿ ಒಂದು ಮಾಡಿದರು. ಹಾಗೆ ಸೇರಿಸಿದಾಗ ನಿಧಾನಪ್ಪನ ಪಡುವಣ ದಾರಿಗೆ ಪೂರ್ವದ ದಾರಿ ಗಂಟುಬಿತ್ತು. ಅವನು ಓಡಿಸಬೇಕಾದ ‘ಸಂಜೆಗೆಂಪು’ ಬಟ್ಟೆ ಕಾರ್ಖಾನೆಯ ಗೋಡೆ ದಾಟಿಯೇ ಹೋಗಬೇಕಾಯಿತು.

ಅದನ್ನಾದರೂ ಅವನು ತಡೆದುಕೊಳ್ಳುತ್ತಿದ್ದ. ಗೋಡೆ ಕಾಣದಂತೆ ನೆಟ್ಟಗೆ ನೋಡಿಕೊಂಡು ಹೋಗಬಹುದು. ಕಿವಿಗೆ ರೆಪ್ಪೆಯಿಲ್ಲವಲ್ಲ! ಹೆಸರಿಡುವ ಯೋಜನೆಯವರು, ಸ್ಟಾಪಿಗೆ ಜನ ಕರೆಯುವ ಹೆಸರೇ ಇರಲಿ ಎಂದು ಬೀದಿ ಬೀದಿ ಕೇಳಿಕೊಂಡು ಬಂದಿದ್ದರು. ಮೊದಲ ದಿನ ತಿರುವು ಹತ್ತಿರವಾದಾಗ ತಲೆಯ ಮೇಲಿನ ಸ್ಪೀಕರಿನಲ್ಲಿ ಆ ಹುಡುಗಿ ಖುಷಿ ಖುಷಿಯಾಗಿ “ಮುಂದಿನ ನಿಲ್ದಾಣ, ಮಗು ತಿರುವು” ಎಂದಳು. ನಿಲ್ದಾಣದ ಗಾಜಿನ ಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಗುವ ಮಗುವಿನ ಚಿತ್ರವಿತ್ತು.

ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಪ್ರತಿ ಟ್ರಿಪ್ಪಿಗೂ ಆ ಮಾತು. ಕೆಲವೇ ದಿನಗಳಲ್ಲಿ ಅನ್ನ ಸೇರದಾಯಿತು. ಬಾವಿಕಟ್ಟೆ ದಾಟುತ್ತಿದ್ದಂತೆ, ಹುಡುಗಿ ಬಾಯಿ ತೆರೆಯುವ ಮೊದಲೇ, ಅವನ ಕಣ್ಣು ರಸ್ತೆ ಬಿಟ್ಟು ಸ್ಪೀಕರಿನ ಕಡೆ ಹೋಗುತ್ತಿತ್ತು. ಹೀಗೇ ಆದರೆ ತಾನು ಇನ್ನೊಂದು ಅಪಘಾತ ಮಾಡುವುದು ಖಂಡಿತ ಅನ್ನಿಸಿತು.

ಹೆಂಡತಿ, “ಹೋಗಿ ಹೇಳಿ, ತೆಗೀತಾರೆ. ಬಾಯಿ ಬಿಡದೆ ಕೂತ್ರೆ ಯಾರಿಗೆ ಗೊತ್ತಾಗತ್ತೆ?” ಎಂದಳು.

ಅವನು ಹೋದ. ಹೆಸರುಗಳ ಜವಾಬ್ದಾರಿ ಹೊತ್ತ ಅಧಿಕಾರಿಣಿ ಒಳ್ಳೆಯವಳೇ. ಕುರ್ಚಿ ಕೊಟ್ಟು, ನೀರು ಕೊಟ್ಟು, ಏನು ತೊಂದರೆ ಎಂದು ಕೇಳಿದಳು. ಅವನು ತನ್ನ ವಿಷಯ ಎತ್ತಲಿಲ್ಲ. “ಪ್ಯಾಸೆಂಜರ್ಸ್‌ಗೆ ಆ ಹೆಸರು ಒಂಥರಾ ಆಗ್ತಿದೆ ಮೇಡಂ. ಹಿಂದೆ ಯಾವುದೋ ಮಗು ಬಸ್ಸಿಗೆ ಸಿಕ್ಕಿ ಹೋಯ್ತಂತೆ ಅಲ್ಲಿ” ಎಂದ.

“ಅಯ್ಯೋ ದೇವರೇ! ನಾವು ಅಲ್ಲಿ ನಗೋ ಮಗು ಚಿತ್ರ ಹಾಕಿಬಿಟ್ಟಿದ್ದೀವಲ್ರೀ!” ಆಕೆಯ ಮುಖ ಬಿಳಿಚಿತು. “ಹೇಳಿದ್ದು ಒಳ್ಳೇದಾಯ್ತು. ಮೊದಲು ಅದನ್ನ ತೆಗಿಸ್ತೀನಿ.”

ಸರ್ಕಾರಿ ಕೆಲಸ ಅಷ್ಟು ಬೇಗ ಆದದ್ದನ್ನು ಅವನು ತನ್ನ ಜನ್ಮದಲ್ಲೇ ಕಂಡಿರಲಿಲ್ಲ. ಚಿತ್ರ ಹೋಯಿತು, ಹೆಸರು ‘ಹೂದೋಟ’ ಆಯಿತು. ತೋಟ ಎಲ್ಲಿಂದ ಬರಬೇಕು, ಎರಡು ಸಿಮೆಂಟ್ ಕುಂಡ ತಂದಿಟ್ಟರು. ಸ್ಪೀಕರಿನಲ್ಲಿ “ಮುಂದಿನ ನಿಲ್ದಾಣ, ಹೂದೋಟ” ಎಂದು ಮೊದಲ ಸಲ ಕೇಳಿಸಿದಾಗ ಅವನಿಗೆ ಎಷ್ಟೋ ವರ್ಷಗಳ ಮೇಲೆ ಪೂರ್ತಿ ಉಸಿರು ಎಳೆದುಕೊಂಡಂತಾಯಿತು.

ಮಧ್ಯಾಹ್ನದ ಟ್ರಿಪ್ಪಿನಲ್ಲಿ ದಿನವೂ ಒಬ್ಬ ಹೆಂಗಸು ಬರುತ್ತಿದ್ದಳು. ಡ್ರೈವರನ ಹಿಂದಿನ ಸೀಟಿನಲ್ಲೇ ಕೂರುವಳು. ತೊಡೆಯ ಮೇಲೆ ಕೈಚೀಲ, ಸೋಪಿನ ನೀರಿನಲ್ಲಿ ಬೆಂದು ಸುಕ್ಕಾದ ಬೆರಳುಗಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದವಳು ಎಂದು ಯಾರೋ ಹೇಳಿ ಅವನಿಗೆ ಗೊತ್ತಿತ್ತು. ಕೊನೆಯ ಸ್ಟಾಪಿನವರೆಗೂ ಹೋಗುವಳು, ಇಳಿಯದೆ ಅದೇ ಬಸ್ಸಿನಲ್ಲಿ ವಾಪಸು ಬರುವಳು. ಕೆಲಸ ಮುಗಿಸಿ ಗಾಳಿಗೆ ಕೂರಲು ಬರುತ್ತಾಳೆ, ಪಾಪ, ಎಂದುಕೊಂಡಿದ್ದ. ಹೆಸರು ಬದಲಾದ ದಿನ ತಿರುವು ದಾಟುತ್ತಿದ್ದಂತೆ ಅವಳು ತಟ್ಟನೆ ಎದ್ದು ನಿಂತಳು.

“ಡ್ರೈವರಣ್ಣ, ಇವತ್ತು ಅದು ಹೇಳಲಿಲ್ವಲ್ಲ?”

“ಏನಮ್ಮ?”

“ಮಗು ತಿರುವು ಅಂತ.”

“ಹೆಸರು ಬದಲಾಯಿಸಿದ್ರು. ಈಗ ಹೂದೋಟ.”

ಅವಳು ಕೂತಳು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದು ಬಸ್ಸು ಖಾಲಿಯಾದ ಮೇಲೆ, ಯಾರನ್ನೂ ದೂಷಿಸದ ದನಿಯಲ್ಲಿ, “ಅದು ನನ್ನ ಮಗ” ಎಂದಳು. “ಪುಟ್ಟ ಅಂತ ಕರೀತಿದ್ವಿ. ಒಂದು ಫೋಟೋ ಇಲ್ಲ ಅವನದ್ದು. ನಮ್ಮೆಜಮಾನ್ರು ಆಮೇಲೆ ಎಲ್ಲಿಗೋ ಹೊರಟುಹೋದ್ರು. ಆ ಮನೇನೂ ಕೆಡವಿದ್ರು. ಅವನು ಹುಟ್ಟಿದ್ದ ಅಂತ ಹೇಳೋರು ನನ್ನ ಬಿಟ್ರೆ ಇನ್ಯಾರೂ ಇಲ್ಲ. ಅದಕ್ಕೇ ಬರ್ತಿದ್ದೆ, ಆ ಹುಡುಗಿ ಎಷ್ಟು ಚೆನ್ನಾಗಿ ಹೇಳ್ತಿದ್ಲು, ನೋಡಿ. ನೀವು ಡಿಪೋದವರು, ನಿಮ್ಮ ಮಾತು ಕೇಳ್ತಾರೆ. ಒಂದ್ಸಲ ಹೇಳಿ ನೋಡ್ತೀರಾ?”

ನಿಧಾನಪ್ಪ ತಿರುಗಿ ಅವಳ ಮುಖ ನೋಡಲಿಲ್ಲ. ಕನ್ನಡಿಯಲ್ಲಿ ನೋಡಿದ. ಆ ದಿನ ನೀರಿನ ಟ್ಯಾಂಕರಿನ ಹತ್ತಿರದಿಂದ ಒದ್ದೆ ಕೈಯಲ್ಲೇ ಓಡಿಬಂದ ಎಳೆಯ ತಾಯಿ ಇವಳೇ, ಈಗ ಹಣೆಯ ತುಂಬ ಗೆರೆ. “ಹೇಳ್ತೀನಮ್ಮ” ಎಂದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನವೇ ಕಚೇರಿಗೆ ಹೋದ. ಅಧಿಕಾರಿಣಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ನೀವೇ ಅಲ್ವೇನ್ರೀ ತೆಗೀರಿ ಅಂದಿದ್ದು? ಎಲ್ಲಾ ಕಡೆ ಹೂದೋಟ ಅಂತ ಅಚ್ಚಾಗಿದೆ. ಮಕ್ಕಳಾಟ ಅಂದ್ಕೊಂಡ್ರಾ?” ಅವಳದ್ದು ತಪ್ಪೇನಿಲ್ಲ. ಅವನು ತಲೆ ತಗ್ಗಿಸಿಕೊಂಡು ಬಂದ.

ಆ ಮಧ್ಯಾಹ್ನ ಕಾರ್ಖಾನೆಯ ಗೋಡೆ ಕಂಡಾಗ ನಿಧಾನಪ್ಪ ಸ್ಪೀಕರಿನ ಗುಂಡಿ ಅದುಮಿದ. ಹುಡುಗಿಯ ದನಿ ನಿಂತಿತು. ಡ್ರೈವರಾಗಿದ್ದ ಅವನು ತನ್ನ ಬದುಕಿನಲ್ಲಿ ಒಂದು ಸ್ಟಾಪನ್ನೂ ಕೂಗಿದವನಲ್ಲ. ಮೊದಲ ಸಲ ಬರೀ ಗಾಳಿ ಬಂತು. ಎರಡನೆಯ ಸಲ, “ಮಗು ತಿರುವು” ಎಂದ. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಗಟ್ಟಿಯಾಗಿ ಕೂಗಿದ. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಕನ್ನಡಿಯಲ್ಲಿ ನೋಡಿದರೆ ಹೆಂಗಸು ಕಣ್ಣು ಮುಚ್ಚಿಕೊಂಡು ಕೂತಿದ್ದಳು, ತುಟಿಯಲ್ಲಿ ನಗುವಿತ್ತು.

ಅಂದಿನಿಂದ ಅದೇ ಕೆಲಸವಾಯಿತು. ಅವಳಿದ್ದ ಟ್ರಿಪ್ಪಿನಲ್ಲಷ್ಟೇ ಅಲ್ಲ, ಎಲ್ಲ ಟ್ರಿಪ್ಪಿನಲ್ಲೂ ಕೂಗಿದ. ಯಾವುದನ್ನು ಕೇಳಲಾರೆ ಎಂದು ಊರಿನ ಆ ತುದಿಗೆ ಓಡಿಹೋಗಿದ್ದನೋ ಅದನ್ನೇ ತನ್ನ ನಾಲಿಗೆಯಿಂದ ಹೇಳುತ್ತಿದ್ದ. “ನಿಧಾನಪ್ಪನಿಗೆ ಅರಳುಮರಳು” ಎಂದರು ಜನ. ಅನ್ನಲಿ. ಹಾಗೆ ಕೂಗಿ ಬಂದ ದಿನ ಅವನಿಗೆ ಅನ್ನ ಸೇರುತ್ತಿತ್ತು. ಇಷ್ಟಕ್ಕೇ ನಿಂತಿದ್ದರೆ ಈ ಕತೆಯನ್ನು ಇಲ್ಲಿಗೇ ಮುಗಿಸಬಹುದಿತ್ತು, ಕೇಳಿದವರು ಕಣ್ಣೊರೆಸಿಕೊಂಡು ಎದ್ದುಹೋಗಬಹುದಿತ್ತು.

ಒಂದು ದಿನ ಅವಳು ಇಳಿಯುವಾಗ ಎರಡು ಕಿತ್ತಳೆ ಹಣ್ಣು ಅವನ ಮುಂದೆ ಇಟ್ಟಳು. “ಹೊತ್ತ ನನ್ನ ಬಿಟ್ರೆ ನೀವೊಬ್ಬರೇ ಅಣ್ಣ ಅವನ ಹೆಸರು ಹೇಳೋರು. ನಿಮ್ಮ ಮನೆ ತಣ್ಣಗಿರಲಿ.”

ಅವನು ಹಣ್ಣನ್ನು ಮನೆಗೆ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಹೆಂಡತಿ ಸಿಪ್ಪೆ ಸುಲಿಯಲು ಕೈ ಹಾಕಿದಾಗ, ಬೇಡ ಎಂದು ತಡೆದ. ಯಾರು ಕೊಟ್ಟದ್ದು ಎಂದು ಹೇಳಿದ. “ನಾನು ಅವಳಿಗೆ ಹೇಳಿಬಿಡ್ತೀನಿ ಕಣೇ. ಹರಸ್ತಾಳೆ ನನ್ನ. ತಡ್ಕೊಳಕ್ಕಾಗಲ್ಲ.”

ಹೆಂಡತಿ ಮತ್ತೆ ಕೈಹಾಕಿ ಒಂದು ಹಣ್ಣು ಸುಲಿದು ಅವನ ಮುಂದಿಟ್ಟಳು. “ಹೇಳಿದ್ರೆ ನಿಮ್ಮೆದೆ ಹಗುರ ಆಗತ್ತೆ” ಎಂದಳು. “ಆ ಭಾರ ಎಲ್ಲಿಗೆ ಹೋಗತ್ತೆ? ಅವಳ ತಲೆ ಮೇಲೆ ಕೂರತ್ತೆ. ಅವಳ ಹತ್ರ ಇರೋದು ಅದೊಂದು ಮಾತು. ಅದನ್ನೂ ಕಸ್ಕೋಬೇಡಿ. ತಿನ್ನಿ ಹಣ್ಣು. ಶಿಕ್ಷೆ ಅಂತಾದ್ರೂ ತಿನ್ನಿ.”

ಅವನು ತಿಂದ. ಹೆಂಡತಿಯ ಮಾತು ಸರಿ ಎಂದು ತಲೆಗೆ ಗೊತ್ತಿತ್ತು. ಮನುಷ್ಯ ತಲೆಯ ಮಾತು ಕೇಳುವಂತಿದ್ದರೆ ಲೋಕ ಹೀಗೇಕೆ ಇರುತ್ತಿತ್ತು?

ಆದದ್ದು ಕೊನೆಯ ಸ್ಟಾಪಿನಲ್ಲಿ. ಬಿಸಿಲಿಗೆ ಬಸ್ಸಿನ ತಗಡು ಕಾದಿತ್ತು. ಅವನು ಎಂಜಿನ್ ಆರಿಸಿ ನೀರು ಕುಡಿಯುತ್ತಿದ್ದ. ಅವಳು ಹಿಂದಿನಿಂದ, ಯಾವ ಸಿಟ್ಟೂ ಇಲ್ಲದೆ, ಹಗಲುಗನಸಿನಲ್ಲಿದ್ದವಳ ಹಾಗೆ ಅಂದಳು: “ಅವತ್ತು ಓಡಿಸ್ತಿದ್ದೋನು ಈಗ ಎಲ್ಲಿದ್ದಾನೋ. ಅವನಿಗೆ ನೆನಪಾದ್ರೂ ಇದೆಯೋ ಇಲ್ವೋ.”

“ಇದೆ” ಎಂದ ನಿಧಾನಪ್ಪ.

ಬಾಯಿಂದ ಬಿದ್ದುಹೋಯಿತು. ಅಲ್ಲಿಗಾದರೂ ನಾಲಿಗೆ ಕಚ್ಚಿಕೊಳ್ಳಬಹುದಿತ್ತು. ಕಚ್ಚಿಕೊಳ್ಳಲಿಲ್ಲ. “ನಾನೇ ಅಮ್ಮ. ಓಡಿಸ್ತಿದ್ದಿದ್ದು ನಾನೇ. ಆ ಹೆಸರು ತೆಗೆಸಿದ್ದೂ ನಾನೇ.”

ಅವಳು ಸ್ಟಿಯರಿಂಗಿನ ಮೇಲಿದ್ದ ಅವನ ಕೈಗಳನ್ನೇ ನೋಡಿದಳು. ಆಮೇಲೆ ಕೇಳಿದ್ದು ಒಂದೇ. “ಅವನು ಅತ್ತನಾ?”

“ಇಲ್ಲಮ್ಮ. ಅಳೋಕೆ ಹೊತ್ತೇ ಇರಲಿಲ್ಲ.”

ಅವಳು ತಲೆಯಾಡಿಸಿದಳು. ಕೈಚೀಲ ಎತ್ತಿಕೊಂಡು ಮೆಟ್ಟಿಲಿಳಿದು, ಆ ಉರಿಬಿಸಿಲಿನಲ್ಲಿ ಬಂದ ದಾರಿಯಲ್ಲೇ ಕಾಲ್ನಡಿಗೆಯಲ್ಲಿ ಹೊರಟಳು. ವಾಪಸು ಬರುವಾಗ ಅವನ ಬಸ್ಸು ಅವಳನ್ನು ದಾಟಿತು. ಅವನು ವೇಗ ತಗ್ಗಿಸಿದ. ಅವಳು ತಲೆ ಎತ್ತಲಿಲ್ಲ. ಎದೆ ಹಗುರವಾಗಿದೆಯೋ ಎಂದು ಅವನು ಮುಟ್ಟಿ ನೋಡಿಕೊಳ್ಳುವಂತೆ ಹುಡುಕಿದ. ಆಗಿತ್ತು. ನಾಚಿಕೆಗೇಡು, ನಿಜವಾಗಿ ಹಗುರವಾಗಿತ್ತು.

ಅದಾದ ಮೇಲೆ ಅವಳ ಸೀಟು ಖಾಲಿಯೇ ಇತ್ತು. ಇವತ್ತಲ್ಲ ನಾಳೆ ಬಂದಾಳು ಎಂದು ಅವನು ಎಲ್ಲ ಟ್ರಿಪ್ಪಿನಲ್ಲೂ ಕೂಗುತ್ತಲೇ ಹೋದ. ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ ಅವಳು ಆ ತಿರುವಿನ ಸ್ಟಾಪಿನಲ್ಲೇ, ಸಿಮೆಂಟ್ ಕುಂಡದ ಪಕ್ಕದಲ್ಲಿ ನಿಂತದ್ದು ಕಾಣಿಸಿತು. ಸ್ಪೀಕರ್ ಆರಿಸಿ, ಬಸ್ಸನ್ನು ಅವಳ ಕಾಲ ಬುಡಕ್ಕೆ ತಂದು ನಿಲ್ಲಿಸಿ, ಬಾಗಿಲು ತೆರೆದು, “ಮಗು ತಿರುವು” ಎಂದು ಕೂಗಿದ.

ಅವಳು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು.

ಬಸ್ಸಿನಲ್ಲಿದ್ದವರು ಹೊರಡಪ್ಪಾ ಎಂದು ಗದರಿದರು. ಅವನು ಬಾಗಿಲು ಹಾಕಿ ಮುಂದೆ ಹೋದ. ಕನ್ನಡಿಯಲ್ಲಿ ನೋಡಿದ. ಹಿಂದಿನಿಂದ ಇನ್ನೊಂದು ಸಂಜೆಗೆಂಪು ಬಂದು ನಿಂತಿತು, ಅದರ ಸ್ಪೀಕರಿನ ಹುಡುಗಿ ಹೂದೋಟ ಎಂದಿರಬೇಕು. ಅವಳು ಕಿವಿಯಿಂದ ಕೈ ತೆಗೆದು ಅದನ್ನು ಹತ್ತಿದಳು.