ಹಿತ್ತಲ ಕ್ಯಾಮೆರಾ ಮತ್ತು ಅವ್ವನ ಮೊಣಕಾಲು

ಕರೆಂಟು ಹೋಗಿ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ಎರಡು ಸಾವಿರದ ಇಸವಿ, ಜನವರಿ ಒಂದನೇ ತಾರೀಖು ಶುರುವಾಗುತ್ತಿತ್ತು. ಹೊರಗೆ 2008 ನಡೆದಿತ್ತು. ಟಿ.ವಿ. ಮೇಲಿನ ಗೂಡಿನಲ್ಲಿದ್ದ ಕ್ಯಾಮೆರಾದ ರೆಕಾರ್ಡಿಂಗ್ ಡಬ್ಬಿಗೆ ಅದು ಗೊತ್ತಿರಲಿಲ್ಲ. ಅದರೊಳಗಿನ ಸಣ್ಣ ಸೆಲ್ ಸತ್ತುಹೋಗಿತ್ತು. "ಮುಂದಿನ ಸಲ ಗೋಕಾಕದಿಂದ ಬರೂವಾಗ ತರ್ತೇನ್ರಿ ಸಾವಕಾರ್ರ" ಎಂದು ಹೇಳಿ ಹೋದ ಮೆಕ್ಯಾನಿಕ್ ಮುಂದಿನ ಸಲ ಬರಲೇ ಇಲ್ಲ.

ತಾರೀಖು ತಿದ್ದುವ ಕೆಲಸ ನನಗೆ ಬಿತ್ತು. ಮನೆಯಲ್ಲಿ ಡೈರಿ ಬರೆಯುವವಳು, ದಿನ ವಾರದ ಲೆಕ್ಕ ತಪ್ಪದೆ ಇಡುವವಳು ನಾನೊಬ್ಬಳೇ. ಮೂಡಲಗಿಯಲ್ಲಿ ಆಗ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೆಂದು ಡೈರಿಯ ಅಂಚಿನಲ್ಲಿ ಗೆರೆ ಎಳೆಯುತ್ತಿದ್ದೆ. ಕೆಲವು ವಾರಗಳಾದ ಮೇಲೆ ಗೆರೆಗಳನ್ನು ನೋಡಿದರೇ ಆಯಾಸವಾಗತೊಡಗಿತು. ಬಿಟ್ಟೆ. ಗೋಕಾಕದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುವುದೇ ಸಾಕಾಗುತ್ತಿತ್ತು. ಕಲ್ಲೋಳಿಯಲ್ಲಿ ಯಾರಾದರೂ ಇಳಿದು ಸೀಟು ಸಿಕ್ಕ ದಿನ ಮಾತ್ರ ಮನೆಗೆ ಬಂದ ಮೇಲೆ ಮಾತಾಡುವಷ್ಟು ಜೀವ ಇರುತ್ತಿತ್ತು.

ಕ್ಯಾಮೆರಾ ಬಂದದ್ದು ಹಂಡೆಯಿಂದ. ಹಿತ್ತಲ ಒಲೆಯ ಮೇಲೆ ಕೂತಿದ್ದ ತಾಮ್ರದ ಹಂಡೆ, ನನ್ನ ಅಜ್ಜಿಯ ಕಾಲದಿಂದ ನೀರು ಕಾಸಿದ್ದು, ಆ ಬೇಸಿಗೆಯ ಒಂದು ಮುಂಜಾನೆ ಇರಲಿಲ್ಲ. ಒಲೆಯ ಮೇಲೆ ದುಂಡಗೆ ಮಸಿ ಉಳಿದಿತ್ತು. ಅಪ್ಪ ಅಂಗಡಿ ತೆರೆಯದೆ ಅರ್ಧ ದಿನ ಆ ಒಲೆಯ ಮುಂದೆ ನಿಂತಿದ್ದರು. ಅದು ಅವರ ಅವ್ವ ಉಳಿಸಿಹೋದ ವಸ್ತು. ಅದೇ ತಿಂಗಳು ಹುಕ್ಕೇರಿಗೆ, ಅಕ್ಕನನ್ನು ಕೊಟ್ಟ ಮನೆಗೆ, ಹೋಗಿ ಬಂದರು. ಬೀಗರು ಮನೆಗೆ ಕ್ಯಾಮೆರಾ ಹಾಕಿಸಿದ್ದರಂತೆ. ಕುಳಿತಲ್ಲೇ ಬಾಗಿಲು ಕಾಣುತ್ತದಂತೆ.

ಮೆಕ್ಯಾನಿಕ್ ಬಂದು ಇಡೀ ದಿನ ಗೋಡೆ ಕೊರೆದ. ಮುಂಬಾಗಿಲಿಗೊಂದು, ಅಂಗಡಿಯ ಹಣದ ಗಲ್ಲೆಗೊಂದು, ಗೋದಾಮಿಗೊಂದು, ಹಿತ್ತಲಿಗೊಂದು. ಟಿ.ವಿ. ಪರದೆ ನಾಲ್ಕು ಚೌಕಗಳಾಗಿ ಒಡೆಯಿತು. ನಾಲ್ಕನೆಯದರಲ್ಲಿ ಹಿಂಬಾಗಿಲು, ಅದರ ಮುಂದಿನ ಕಲ್ಲಿನ ಮೆಟ್ಟಿಲು, ಖಾಲಿ ಒಲೆ.

ಆ ಮೆಟ್ಟಿಲು ಅವ್ವನದು. ಮಧ್ಯಾಹ್ನ ಪಾತ್ರೆ ತೊಳೆದು ಮುಗಿದ ಮೇಲೆ ಅವಳು ಅಲ್ಲಿ ಕಾಲು ನೀಡಿ ಕೂರುತ್ತಿದ್ದಳು. ಹಿಂದಿನ ಓಣಿಯ ಮುಸಲ್ಮಾನರ ಮನೆಯಿಂದ, ನಾವೆಲ್ಲ ಚಾಚಿ ಎಂದು ಕರೆಯುತ್ತಿದ್ದ ಹೆಂಗಸು ಬರುತ್ತಿದ್ದಳು. ಚಾಚಿಯ ಮನೆಯವರದು ಗಾದಿ ಹೊಲಿಯುವ ಕೆಲಸ. ಅವಳ ಸೀರೆಯ ಮಡಿಕೆಗಳಲ್ಲಿ ಯಾವಾಗಲೂ ಹತ್ತಿಯ ಎಳೆ ಇರುತ್ತಿದ್ದವು. ಮಜ್ಜಿಗೆಗೆಂದು ಚರಗಿ ತರುತ್ತಿದ್ದಳು. ಚರಗಿ ಬಾಜೂಕ್ಕಿಟ್ಟು, ಅವ್ವನ ಸೀರೆಯನ್ನು ಮೊಣಕಾಲಿನ ತನಕ ಸರಿಸಿ, ಬೆಳ್ಳುಳ್ಳಿ ಕಾಸಿದ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಅವ್ವನ ಮೊಣಕಾಲು ನಲವತ್ತೈದಕ್ಕೇ ಸವೆದಿದ್ದವು. ಡಾಕ್ಟರ ಗುಳಿಗೆಗಿಂತ ಚಾಚಿಯ ಹೆಬ್ಬೆರಳಿನ ಮೇಲೆ ಅವಳಿಗೆ ಹೆಚ್ಚು ನಂಬಿಕೆ. ತಿಕ್ಕುವಷ್ಟು ಹೊತ್ತು ಚಾಚಿ ಸೊಸೆಯ ಸುದ್ದಿ ಹೇಳುವಳು, ಅವ್ವ ಕಣ್ಣು ಮುಚ್ಚಿ "ಹೂಂ" ಅನ್ನುವಳು. ಇಡೀ ದಿನದಲ್ಲಿ ಅವಳು ಕಣ್ಣು ಮುಚ್ಚುತ್ತಿದ್ದದ್ದು ಆಗ ಮಾತ್ರ.

ಒಳಗೆ ಬಂದು ತಿಕ್ಕಬಹುದಿತ್ತಲ್ಲ ಎಂದು ಓದುವವರು ಕೇಳಬಹುದು. ಹಿಂಬಾಗಿಲ ಒಳಗಡೆ ನಮ್ಮ ಅಡುಗೆಮನೆ. ಅದರ ಹೊಸ್ತಿಲು ಚಾಚಿ ದಾಟಿದವಳಲ್ಲ, ಅವ್ವ ದಾಟು ಎಂದವಳಲ್ಲ. ಜೈನರ ಮನೆಯ ಮಡಿ ಅದು, ಇಬ್ಬರೂ ಆ ಮಾತು ಎತ್ತಿದವರೇ ಅಲ್ಲ. ಇದ್ದ ಸ್ನೇಹವೆಲ್ಲ ಆ ಮೆಟ್ಟಿಲಿನ ಅಗಲದಷ್ಟರಲ್ಲೇ ಇತ್ತು.

ಕ್ಯಾಮೆರಾ ಹಾಕಿದ ಮರುದಿನ, ರವಿವಾರ, ನಾನು ಮನೆಯಲ್ಲಿದ್ದೆ. ಚಾಚಿ ಎಣ್ಣೆ ಅಂಗೈಗೆ ಹಾಕಿಕೊಂಡವಳು ತಲೆ ಎತ್ತಿದಳು.

"ಅದೇನ ತಂಗಿ, ಗ್ವಾಡಿ ಮ್ಯಾಲ ಕುಂತ ನೋಡಾಕತ್ತೈತಿ?"

"ಕ್ಯಾಮೆರಾ ಚಾಚಿ. ಹಂಡೆ ಹೋತಲ್ಲ, ಅದಕ್ಕ ಹಾಕ್ಸ್ಯಾರ" ಎಂದಳು ಅವ್ವ.

"ಹಂಡೆ ಹೋದ ಮ್ಯಾಲ ಕಾವಲಾ ಬಂತೇನ? ಭಾಳ ಶಾಣ್ಯಾ ಐತಿ ಬಿಡ. ನಾ ಆಡಿದ್ದೆಲ್ಲಾ ಕೇಳಸ್ತೈತೇನ?"

"ಇಲ್ಲ ಚಾಚಿ, ಬರೇ ಚಿತ್ರ ಬರ್ತೈತಿ" ಎಂದೆ ನಾನು.

"ಚಿತ್ರ ಯಾರ ನೋಡತಾರ?"

ನಾನು ಒಳಗಿನ ಟಿ.ವಿ. ಕಡೆ ನೋಡಿದೆ. ಅಪ್ಪ ನೋಡುತ್ತಿದ್ದರು, ಅಣ್ಣ ನೋಡುತ್ತಿದ್ದ, ಬಂದವರಿಗೆಲ್ಲ ತೋರಿಸುತ್ತಲೂ ಇದ್ದರು. ಚಾಚಿಗೆ ತಿಳಿಯಿತು. ತಾನೇ ಅವ್ವನ ಸೀರೆಯನ್ನು ಪಾದದ ತನಕ ಎಳೆದು ಮುಚ್ಚಿದಳು.

"ನನ್ನ ಸೊಸಿ ಸುದ್ದಿ ಬೇಕಾರ ಊರೆಲ್ಲಾ ಕೇಳಲಿ. ನಿನ್ನ ಕಾಲ ಯಾರೂ ನೋಡಬಾರದವಾ."

ಎಣ್ಣೆಯನ್ನು ತನ್ನ ಮೊಣಕೈಗೇ ಒರೆಸಿಕೊಂಡು ಹೋದಳು. ಚರಗಿ ಖಾಲಿಯೇ ಹೋಯಿತು. ಮರುದಿನ ಬರಲಿಲ್ಲ, ಆ ವಾರ ಬರಲಿಲ್ಲ. ಅವ್ವ ಮಜ್ಜಿಗೆ ಎತ್ತಿಡುವುದನ್ನು ಮಾತ್ರ ಬಿಡಲಿಲ್ಲ. ಸಂಜೆಗೆ ಅದು ಹುಳಿಯಾಗಿ ಎಮ್ಮೆಯ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು.

ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ. ಊಟವಾದ ಮೇಲೆ ಹಗಲಿನ ರೆಕಾರ್ಡಿಂಗನ್ನು ಓಡಿಸಿ ನೋಡಿ, ಏನಾದರೂ ಇದ್ದರೆ ಹೇಳಬೇಕೆಂದು ಅಪ್ಪ ನನಗೆ ವಹಿಸಿದ್ದರು. ಏನೂ ಇರುತ್ತಿರಲಿಲ್ಲ. ಬೆಕ್ಕು ಬರುತ್ತಿತ್ತು. ಹಗ್ಗದ ಮೇಲಿನ ಬಟ್ಟೆ ಅಲ್ಲಾಡುತ್ತಿತ್ತು. ಅವ್ವ ಬಿಂದಿಗೆ ಹೊತ್ತು ಹೋಗುತ್ತಿದ್ದಳು, ಬರುತ್ತಿದ್ದಳು, ಮತ್ತೆ ಹೋಗುತ್ತಿದ್ದಳು. ಬೇಗ ಓಡಿಸಿದರೆ ಅವಳು ಓಡಿದಂತೆ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಬ್ಬಳೇ ಮೆಟ್ಟಿಲ ಮೇಲೆ ಕೂತು, ಮೊಣಕಾಲಿಗೆ ಕೈ ಒಯ್ದು, ಸೀರೆ ಸ್ವಲ್ಪ ಸರಿಸಿ, ನೆನಪಾದವಳಂತೆ ಕ್ಯಾಮೆರಾದ ಕಡೆ ನೋಡಿ, ಸೀರೆ ಎಳೆದುಕೊಂಡು ಎದ್ದು ಹೋಗುತ್ತಿದ್ದಳು. ದಿನವೂ ಅದನ್ನೇ ನೋಡಿದೆ. "ಏನರ ಐತೇನವಾ?" ಎಂದು ಅಪ್ಪ ಕೇಳಿದರೆ "ಏನಿಲ್ಲ" ಎನ್ನುತ್ತಿದ್ದೆ. ಕಳ್ಳನ ವಿಷಯಕ್ಕೆ ಅದು ಖರೆಯೇ.

ಮಳೆಗಾಲ ಬಂತು. ತಂಪಿಗೆ ಅವ್ವನ ಮೊಣಕಾಲು ಇನ್ನೂ ಬಿಗಿದವು. ಗೋಡೆ ಹಿಡಿದು ನಡೆಯತೊಡಗಿದಳು. ಒಂದು ದಿನ ಅಪ್ಪನನ್ನು ಕೇಳಿದೆ.

"ಅಪ್ಪಾ, ಹಿತ್ತಲದ್ದು ಸ್ವಲ್ಪ ಆಚಿ ಕಡೆ ತಿರುಗಸೂನು. ಚಾಚಿ ಬರೂದ ಬಿಟ್ಟಾಳ."

"ಕಳ್ಳ ಬಂದಿದ್ದ ಯಾವ ಬಾಗಲದಾಗ? ಹಿಂದಿಂದರಾಗ. ಅದನ್ನ ಬಿಟ್ಟ ಮುಗಲಿಗೆ ತಿರುಗಸೂನೇನ, ಹದ್ದ ಕಾಯಾಕ?"

"ಅವ್ವನ ಕಾಲು..."

"ಒಳಗ ಕುಂತ ಎಣ್ಣಿ ಹಚ್ಚಿಕೊಳ್ಳಾಕ ಯಾರ ಬ್ಯಾಡ ಅಂದಾರ?"

ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿತ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಆ ವರ್ಷ ವಾದ ಮಾಡುವಷ್ಟು ಶಕ್ತಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಖಂಡೇನವಮಿ ಬಂತು. ದುಡಿಯುವ ವಸ್ತುಗಳಿಗೆಲ್ಲ ಅಂದು ಪೂಜೆ. ಅಂಗಡಿಯ ತಕ್ಕಡಿ, ಅಣ್ಣನ ಗಾಡಿ, ನೀರಿನ ಮೋಟಾರು, ಮಿಕ್ಸರ್, ಈಳಿಗೆ, ಎಲ್ಲಕ್ಕೂ ಗಂಧ, ಹೂವು. ಕೊನೆಗೆ ಅವ್ವ ಸ್ಟೂಲು ತರಿಸಿದಳು. ಕ್ಯಾಮೆರಾಗಳೂ ದುಡಿಯುವ ವಸ್ತುಗಳೇ ಅಲ್ಲವೇ. ನಾನು ಹತ್ತುತ್ತೇನೆಂದರೆ ಕೊಡಲಿಲ್ಲ. ಆ ಕಾಲಿನಲ್ಲಿ ತಾನೇ ಹತ್ತಿದಳು, ನಾನು ಸ್ಟೂಲು ಹಿಡಿದೆ. ಮುಂಬಾಗಿಲಿನದಕ್ಕೆ ಒಂದು ಹೂವು. ಗೋದಾಮಿನದಕ್ಕೆ ಒಂದು ಹೂವು. ಗಲ್ಲೆಯದಕ್ಕೂ ಒಂದು. ಹಿತ್ತಲಿಗೆ ಬಂದಾಗ ಬುಟ್ಟಿಯ ತಳದಿಂದ ಚೆಂಡುಹೂವಿನ ಉದ್ದ ಮಾಲೆ ತೆಗೆದಳು. ಕ್ಯಾಮೆರಾದ ಕೊರಳಿಗೆ ಸುತ್ತಿ ಸುತ್ತಿ ಮುಖದ ಮೇಲೆ ಇಳಿಬಿಟ್ಟಳು.

"ಉಳಿದವಕ್ಕ ಒಂದೊಂದ ಹೂವು, ಇದಕ್ಕ ಯಾಕ ಮಾಲಿ?" ಎಂದೆ.

"ಇದರದು ದುಡತ ಹೆಚ್ಚಾಗೈತಿ" ಎಂದಳು. ನಗಲಿಲ್ಲ.

ಸಂಜೆ ಅಪ್ಪ ಪರದೆಯ ಮುಂದೆ ಕೂತರು. ನಾಲ್ಕನೆಯ ಚೌಕ ತುಂಬ ಕೇಸರಿ ಬಣ್ಣ.

"ಇದಕ್ಕೇನಾತು? ಕೆಟ್ಟೈತೇನ?"

"ಪೂಜಿ ಆಗೈತ್ರಿ" ಎಂದಳು ಅವ್ವ.

"ಮಾಲಿ ತಗೀ ಅದನ್ನ. ಏನೂ ಕಾಣವಲ್ದು."

"ಖಂಡೇನವಮಿ ಪೂಜಿದ್ದ ಮಾಲಿ ನಡುವ ಕೀಳತಾರೇನ್ರಿ? ನಿಮ್ಮ ತಕ್ಕಡಿಗೆ ಹಾಕಿದ್ದನ್ನ ನೀವು ಎಂದರ ತಗದೀರಿ?"

ಅಪ್ಪನ ಅಂಗಡಿಯಲ್ಲಿ ತಕ್ಕಡಿಯ ಮಾಲೆಯನ್ನು ಯಾರೂ ಮುಟ್ಟುವಂತಿರಲಿಲ್ಲ. ಅಮವಾಸ್ಯೆಗೆ ಹೊಸದು ಬರುವ ತನಕ ಹಳೆಯದು ಅಲ್ಲೇ ಒಣಗಬೇಕು. ಅದು ಅವರೇ ಇಟ್ಟ ನೇಮ. ಸ್ವಲ್ಪ ಹೊತ್ತು ಕೇಸರಿ ಚೌಕವನ್ನೇ ನೋಡಿದರು.

"ಕಳ್ಳಗ ಸುದ್ದಿ ಹತ್ತಿದ್ರ?"

"ಹತ್ತಲಿ. ಹಂಡೆ ಮೊದಲ ಹೋಗೇತಿ. ಒಲಿ ಹೊತ್ಗೊಂಡ ಹೋಗ್ತಾನೇನ್ರಿ?"

ಅಪ್ಪ ಟಿ.ವಿ. ಆರಿಸಿದರು.

ದಸರಾ ಕಳೆದ ಮೇಲೆ ಬಸ್ಸಿಗೆ ಹೋಗುವ ದಾರಿಯಲ್ಲಿ ಗಾದಿ ಅಂಗಡಿಯ ಮುಂದೆ ನಿಂತೆ. ಅವ್ವ ಹೇಳಿಕಳಿಸಿದ್ದಷ್ಟೇ ಹೇಳಿದೆ. "ಚಾಚಿ, ಮಜ್ಜಿಗಿ ಸುಮ್ಮನ ಹುಳಿ ಆಗಾಕತ್ತೈತಂತ."

ಮಧ್ಯಾಹ್ನ ಬೇಗ ಬಂದಿದ್ದೆ. ಚಾಚಿ ಹಿತ್ತಲಿಗೆ ಬಂದಳು, ಓಣಿಯಲ್ಲೇ ನಿಂತು ಗೋಡೆಯ ಮೇಲೆ ನೋಡಿದಳು.

"ಅರೆ! ಇದರ ಲಗ್ನ ಐತೇನ ತಂಗಿ? ಮದಿಮಗಗ ಕಟ್ಟಿದಂಗ ಮಾರಿ ತುಂಬ ಸೆಹರಾ ಕಟ್ಟೀಯಲ್ಲ!"

ಅವ್ವ ನಕ್ಕಳು. ಎಷ್ಟು ತಿಂಗಳ ಮೇಲೆ ನಕ್ಕಳೋ ಎಂದು ಡೈರಿ ತಿರುವಿ ನೋಡಬಹುದಿತ್ತು, ನೋಡಲಿಲ್ಲ. ಮೆಟ್ಟಿಲ ಮೇಲೆ ಕಾಲು ನೀಡಿದಳು. ಚಾಚಿ ಮೊಣಕಾಲು ಮುಟ್ಟಿ ನೋಡಿ "ತೋಬಾ, ಕಲ್ಲ ಆಗ್ಯಾವ" ಎಂದು ಬೈದಳು, ಎಣ್ಣೆ ಅಂಗೈಗೆ ಹಾಕಿಕೊಂಡಳು.

ಹೂವು ದಿನ ದಿನಕ್ಕೂ ಮುದುಡಿತು. ಚೌಕದ ಮೂಲೆಯಲ್ಲಿ ಮೊದಲು ಒಲೆ ಕಂಡಿತು, ಆಮೇಲೆ ಹಗ್ಗ. ಇನ್ನೆರಡು ದಿನಕ್ಕೆ ಮೆಟ್ಟಿಲೂ ಕಾಣುತ್ತದೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ದೀಪಾವಳಿಯ ಅಮವಾಸ್ಯೆ ಬಂತು. ಅಪ್ಪ ತಕ್ಕಡಿಗೆಂದು ಸಂತೆಯಿಂದ ಮಾಲೆ ತಂದರು. ಚೀಲದಲ್ಲಿ ಎರಡಿದ್ದವು. ಒಂದನ್ನು ಅಂಗಡಿಗೆ ಒಯ್ದರು. ಇನ್ನೊಂದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ, "ಹಿತ್ತಲದ್ದಕ್ಕ" ಎಂದು ಹೊರಟುಹೋದರು.

ಅಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ನಾನು ರಿಮೋಟು ಹಿಡಿದು ಟಿ.ವಿ. ಮುಂದೆ ನಿಂತೆ. ಮೂರು ಚೌಕ ಸ್ವಚ್ಛ, ಒಂದು ಹೊಸ ಕೇಸರಿ. ಹಿತ್ತಲಿನಿಂದ ಬೆಳ್ಳುಳ್ಳಿ ಎಣ್ಣೆಯ ವಾಸನೆ, ಚಾಚಿಯ ಸೊಸೆಯ ಸುದ್ದಿ.

"ಮತ್ತ ಎರಡ ಸಾವಿರದ ಇಸವಿಗೆ ಹೋತೇನವಾ?" ಎಂದು ಅವ್ವ ಕೂಗಿ ಕೇಳಿದಳು.

"ಹೋತ."

"ಇರ್ಲಿ ಬಿಡ, ಸಂಜಿಕ ತಿದ್ದೀಯಂತ. ನೀನೂ ದಣದೀ. ಬಾ, ಇಲ್ಲೆ ಕುಂಡ್ರು."

ರಿಮೋಟು ಟಿ.ವಿ. ಮೇಲಿಟ್ಟು ಹೋಗಿ ಮೆಟ್ಟಿಲ ಮೇಲೆ ಅವರ ಪಕ್ಕ ಕೂತೆ.